ಗುಣ ಆಗುವವರೆಗೆ

ಪುತ್ತೂರು ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಮಂಗಳೂರಿನ ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಪರಿಚಯವಾದವರೆಂದು ಮಾತಿನಿಂದಲೇ ತಿಳಿಯಿತು. ಕಿರಿಯವಳು ಸುಪ್ರಿತಾ. ಕೂದಲು ಉದುರಿದ್ದ ಆರು ವರ್ಷದ ಮಗಳು ತೃಷಾ ಅವಳ ಮಡಿಲಲ್ಲಿದ್ದಳು. ಹಿರಿಯಾಕೆ ಬೀಬಿ.

"ಇವತ್ತು ಕೀಮೋ ಕೊಟ್ರಾ?" ಬೀಬಿ ಕೇಳಿದರು.

"ಇಲ್ಲ ಬೀಬಿಯಕ್ಕ. ತೂಕ ಹನ್ನೆರಡು ಕಿಲೋ ಮಾತ್ರ ಉಂಟು. ಮೊದಲು ತಿನ್ನಿಸಿ, ಮತ್ತೆ ಕೊಡುವ ಅಂತ ಡಾಕ್ಟ್ರು ವಾಪಸ್ ಕಳಿಸಿದ್ರು."

"ಮೊಟ್ಟೆ, ಮೀನು ಕೊಡುದಿಲ್ವಾ? ನನ್ನ ಮೊಮ್ಮಗ ಅದರಲ್ಲೇ ಚೇತರಿಸಿದ್ದು."

"ಅತ್ತೆ ಹರಕೆ ಹೊತ್ತಿದ್ದಾರೆ. ಅದು ತೀರುವವರೆಗೆ ಇವಳಿಗೆ ಪಥ್ಯ. ಗಂಜಿ, ತಿಳಿಸಾರು ಅಷ್ಟೇ."

"ತೀರುದು ಯಾವಾಗ?"

"ಇವಳಿಗೆ ಗುಣ ಆದ ಮೇಲೆ."

ಬೀಬಿ ತೃಷಾಳ ಸೊರಗಿದ ಕೈ ಹಿಡಿದು ನೋಡಿದರು.

"ಡಾಕ್ಟ್ರು ಹೇಳಿದ್ದನ್ನು ಅತ್ತೆಗೆ ಹೇಳಿದ್ಯಾ?"

"ಹೇಳಿದೆ. ನಾಳೆ ಹೆಚ್ಚುಕಮ್ಮಿ ಆದ್ರೆ ನೀನು ಹೊಣೆಯಾ ಅಂತ ಕೇಳಿದ್ರು."

"ನಿನ್ನ ಯಜಮಾನ್ರು?"

"ಅಮ್ಮನಿಗೆ ಬೇಜಾರು ಮಾಡ್ಬೇಡ ಅಂತಾರೆ."

ಸುಪ್ರಿತಾ ಕ್ಯಾಂಟೀನಿನಿಂದ ತಂದ ಬೇಯಿಸಿದ ಮೊಟ್ಟೆ ಸುಲಿದು, ಚೂರು ಚೂರಾಗಿ ಮಗಳಿಗೆ ತಿನ್ನಿಸತೊಡಗಿದಳು. ಅರ್ಧ ಮುಗಿಯುವಷ್ಟರಲ್ಲಿ ಕಡಬದ ಬಸ್ ಬಂತು. ಅವಳು ಗಡಿಬಿಡಿಯಲ್ಲಿ ಶಾಲಿನಿಂದ ಮಗುವಿನ ತುಟಿ ಒರೆಸಿದಳು.

"ಎಂತ ತಿಂದೆ ಅಂತ ಅಜ್ಜಿ ಕೇಳಿದ್ರೆ?"

"ಬಾಳೆಹಣ್ಣು."

"ಬಾಯಿ ಮೂಸಿ ನೋಡಿದ್ರೆ?"

ತೃಷಾ ಯೋಚಿಸಿದಳು.

"ನಾನು ಬಾಯಿ ತೆರೆಯುದೇ ಇಲ್ಲ."

ಸುಪ್ರಿತಾ ಅವಳನ್ನು ಎತ್ತಿಕೊಂಡು ಬಸ್ ಹತ್ತಿದಳು.