ಹಸಿದ ಬೈರಿಗಿ

...ಹಂಗಂದು ಅಂಗಡಿಯಿಂದ ನನ್ನ ಇಳಿಸಿದ ನೋಡಪಾ ಮಕಬೂಲಾ! ನನ್ನ! ಈ ಸಾವಂತ್ರೆವ್ವನ್ನ! "ಅಜ್ಜಿ, ಇದರಾಗ ನೀರು ಹೊಕ್ಕೈತಿ, ಗ್ಯಾರಂಟಿ ನಡಿಯೂದಿಲ್ಲ" ಅಂತ. ಯಾರಂದ್ರ? ಅಂವನ, ಈ ಕರೆಂಟಿನ ಬೈರಿಗಿ ನನ್ನ ಮಗಗ ಮಾರಿದ ವೆಂಕಣ್ಣ. ಮಾರೂಮುಂದ "ಬರ್ರಿ ಗೋವಿಂದಪ್ಪನವರ, ಚಾ ತಗೋರಿ ಗೋವಿಂದಪ್ಪನವರ, ವರ್ಷದತನಕ ಗ್ಯಾರಂಟಿ ನಮ್ಮದು" ಅಂದಿದ್ದ. ಈಗ ಬಿಚ್ಚಿ ಸೈತ ನೋಡಲಿಲ್ಲ. ಮೂಗು ಹಚ್ಚಿ ಮೂಸಿದ, ಮಾರಿ ಕಿವಿಚಿದ, ಮುಗೀತು. ಬೈರಿಗಿ ಅಂದ್ರ ಹಲಸಿನಹಣ್ಣೇನು, ಮೂಸಿ ಹೇಳಾಕ?

ತಗೋ, ಬಿಚ್ಚು. ಹಳೇ ಸೀರ್ಯಾಗ ಕಟ್ಟಿ ತಂದೇನಿ, ಕೂಸಿನಂಗ. ಬಸ್ಸಿನ್ಯಾಗ ಬಾಜೂಕ ಕುಂತಾಕಿ "ಗಂಡೋ ಹೆಣ್ಣೋ?" ಅಂತ ಕೇಳಿದ್ಲು. "ಕಬ್ಬಿಣ" ಅಂದೆ.

ಯಾಕ ನಗ್ತಿ? ನಗಬ್ಯಾಡ, ತಿರುಪು ಬಿಚ್ಚು.

ಗ್ಯಾರಂಟಿಯಂತ ಗ್ಯಾರಂಟಿ! ನಿಮ್ಮವ್ವ ಶಹಜಹಾನಬೇಗಂನ ಕೇಳು, ಹುಬ್ಬಳ್ಳ್ಯಾಗ ಇದ್ದಾಗ ಇಬ್ಬರೂ ಒಂದ ನಳಕ್ಕ ಕೊಡ ಹಿಡದಾವರು. ನನ್ನ ಗಂಡನ್ನ ನನಗ ಕಟ್ಟೂಮುಂದ ಯಾರರ ಗ್ಯಾರಂಟಿ ಕೊಟ್ಟಿದ್ರೇನು? ಅಂವ ಸಾಯೂತನಕ ನಾನ ಎಣ್ಣಿ ಹಾಕಿ, ಬಡದು, ಬಿಗಿ ಮಾಡಿ ನಡಿಸಿದೆ. ಯಾ ಅಂಗಡಿಗೂ ಒಯ್ಯಲಿಲ್ಲ... ಮತ್ತ ನಗು! ಬತ್ತೀಸಿ ಹಲ್ಲು ಅಷ್ಟೂ ತೋರಿಸು!

ನಮ್ಮ ಗೋವಿಂದಪ್ಪ ಧಾರವಾಡದಾಗ ಗುಮಾಸ್ತ ಅಲ್ಲ? ಹಗಲೆಲ್ಲ ಕಚೇರ್ಯಾಗ ಕಾಗದಕ್ಕ ತೂತು ಹೊಡೀತಾನ, ಸಂಜೀಕ ಮನಿಗೆ ಬಂದು ಗ್ವಾಡಿಗೆ ತೂತು ಹೊಡೀತಾನ. ಘುರ್ರ್... ಘುರ್ರ್... ಮನಿ ಜರಡಿ ಆಗೇತಿ. ಅಷ್ಟ ಮೊಳೆಗೆ ತೂಗಹಾಕಾಕ ನಮ್ಮಲ್ಲೆ ಅಂಗೀನ ಇಲ್ಲ. ಮೊದಲನೇ ತೂತು ಯಾತಕ್ಕ ಹೇಳು? ಬುದ್ಧನ ಫೋಟೋಕ್ಕ. ಹೂಂ, ಈಗ ನಾವು ಬುದ್ಧನ ಕಡಿ ಮಂದಿ. "ಅವ್ವಾ, ಇನ್ನ ಈ ಮನ್ಯಾಗ ಕೋಳಿ ಕೊಯ್ಯೂದಿಲ್ಲ, ಮಹಾನವಮಿಗೆ ಖಂಡೇಪೂಜಿ ಇಲ್ಲ, ಕಬ್ಬಿಣಕ್ಕ ಯಾರೂ ಕೈ ಮುಗಿಯಂಗಿಲ್ಲ" ಅಂದ. ಆತಪಾ ಅಂದೆ. ಬುದ್ಧ ಛಲೋ ಮನಶ್ಯಾ. ಕಣ್ಣು ಮುಚ್ಚಿ ಕುಂತಾನ, ನಾ ಏನ ಮಾಡಿದ್ರೂ ನೋಡೂದಿಲ್ಲ.

ಆದ್ರ ಆ ಫೋಟೋದ ತೂತು ಹೊಡಿಯೂಮುಂದನ ಬೈರಿಗಿ ಜಾರಿ ಅವನ ಹೆಬ್ಬೆರಳು ಕಚ್ಚಿತು. ರಕ್ತ ಅಂದ್ರ ರಕ್ತ... ಇರ್ಲಿ ಬಿಡು, ಆ ಮಾತು ಈಗ ಯಾಕ.

ಕೆಡಿಸಿದಾಂವ ಉಡಚಪ್ಪ! ನನ್ನ ಸೊಸಿ ಸತ್ಯವ್ವನ ತಮ್ಮ. ಗರಗದಾಗ ಮಗ್ಗದ ಬುಡಕ ಬೆಳದಾಂವ, ಈಗ ಲಕಮನಹಳ್ಳ್ಯಾಗ ಬಾಡಿಗಿ ಮನಿ ಹಿಡದಾನ. ಮಹಾನವಮಿ ಮುಗದ ಮ್ಯಾಲ ಬಂದು "ಮಾವಾರ, ತೊಟ್ಲ ಕಟ್ಟಬೇಕು, ಬೈರಿಗಿ ಕೊಡ್ರಿ" ಅಂದ, ಒಯ್ದ. ಕರೆಂಟಿಗೆ ಹಚ್ಚಿದ ಕೂಡ್ಲೆ ಘುರ್ ಅನ್ನಲಿಲ್ಲ, ಚರ್ ಅಂತು. ಅಂವನ ಕೈ ಜುಮ್ ಅಂತು. ಹೊಗಿ ಬಂತು, ವಾಸನಿ ಬಂತು... ಎಂಥಾ ವಾಸನಿ? ನನಗೇನ ಗೊತ್ತು, ನಾ ಅಲ್ಲಿದ್ನೇನು? ಏನೋ ಸೀದ ವಾಸನಿ ಅಂತ ಇಟ್ಕೋ.

"ನಿಮ್ಮ ಮಂದಿ ಕೈಯಾಗ ಒಳಕಲ್ಲು ಕೊಟ್ರೂ ಕೆಡಸ್ತಾರ" ಅಂದ ನನ್ನ ಮಗ. ಸತ್ಯವ್ವ ಬಿಡ್ತಾಳೇನು? ಸಾಲಿ ಟೀಚರ್ ಆಕಿ. "ನನ್ನ ತಮ್ಮ ಸುಳ್ಳು ಹೇಳೂದಿಲ್ಲ. ಅಂವನ್ನ ಸುಳ್ಳ ಅಂದ ಮನ್ಯಾಗ ನಾ ನೀರು ಮುಟ್ಟೂದಿಲ್ಲ" ಅಂದ್ಲು. ಟ್ರಂಕ್ ಕಟ್ಟಿ ಬಾಗಲದಾಗ ಇಟ್ಟಾಳ. ಇವತ್ತ ಸಂಜೀ ಬಸ್ಸಿಗೆ ಗರಗಕ್ಕ ಹೊಂಟಾಳ.

ಹೋಗ್ಲಿ ಬಿಡು, ನನಗೇನು? ...ಅಲ್ಲೋ, ಆಕಿ ಹೋದ್ರ ನನಗ ಪೇಪರ್ ಓದಿ ಹೇಳಾವರು ಯಾರು? ಹೆಬ್ಬೆಟ್ಟು ಒತ್ತೂ ಮುದುಕಿಗೆ ಪಾಟಿ ಹಿಡಿಸಿ ಸಹಿ ಕಲಸಾಕತ್ತಾಳ. 'ಸಾ' ಬಂದೈತಿ. 'ವಂ' ಇನ್ನೂ ಸೊಟ್ಟ. ಅರ್ಧಾ ಹೆಸರಿನ್ಯಾಗ ನನ್ನ ನಿಂದರಿಸಿ ಹೊಂಟಾಳಪಾ!

ಅದಕ್ಕ ಧಾರವಾಡದಿಂದ ಈ ಹುಬ್ಬಳ್ಳಿ ದುರ್ಗದಬೈಲಿಗೆ ನಿನ್ನ ಹುಡಿಕ್ಕೊಂಡು ಬಂದೇನಿ. ಎರಡೂ ಊರು ಕೂಡಿಸಿ ಒಂದ ಕಾರ್ಪೊರೇಷನ್ ಮಾಡ್ಯಾರಂತ, ಬಸ್ಸಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಎಲ್ಲಾ ಕಡೆ ನಿಂತು ನಿಂತು ಬಂತು. ನೀ ಇದನ್ನ ರಿಪೇರಿ ಮಾಡು. ಮ್ಯಾಲ ಒಂದ ಮಾತು... ಯಾರರ ಕೇಳಿದ್ರ, "ಒಳಗಿನ ಮಾಲು ಮೊದಲಿಂದಾನ ಖೊಟ್ಟಿ ಇತ್ತು" ಅನ್ನು. ವೆಂಕಣ್ಣನ ತಲಿಗೆ ಹೋತು. ಉಡಚಪ್ಪ ಉಳದ, ನನ್ನ ಮಗ ಉಳದ. ವೆಂಕಣ್ಣಗ ಏನ ಕಡಿಮಿ ಐತಿ, ಹೊಟ್ಟಿ ನೋಡೀಯಿಲ್ಲ ಅಂವಂದು?

ಹಂಗ್ಯಾಕ ನೋಡ್ತಿ? ನೀರಿನ ಮಾತು ಸುಳ್ಳು, ಮಕಬೂಲಾ. ಒಂದ ಹನಿ ನೀರು ಮುಟ್ಟಿಲ್ಲ ಇದಕ್ಕ. ಎಲ್ಲವ್ವನ ಆಣಿ! ಬೇಕಂದ್ರ ಬುದ್ಧನ ಆಣೀನೂ ಮಾಡ್ತೀನಿ, ಅಂವ ಏನೂ ಅನ್ನೂದಿಲ್ಲ.

ಅಲ್ಲೋ, ನಿನ್ನ ಲೇತ್ ಮಶೀನಿನ ಮ್ಯಾಲ ಚೆಂಡುಹೂವಿನ ಮಾಲಿ ಇನ್ನೂ ಐತಲ್ಲ, ಒಣಗಿ ಕಡ್ಡಿ ಆಗೇತಿ. ನೀನೂ ಖಂಡೇಪೂಜಿ ಮಾಡಿದಿ? ಶಾಬಾಶ್ ನನ್ನ ಮಗನ! ಬರೇ ಮಾಲಿ? ಊದಬತ್ತಿ? ಅಷ್ಟ? ಮತ್ತೇನೂ... ಕುಡಸಲಿಲ್ಲ? ...ಏನಿಲ್ಲ, ಸುಮ್ಮನ ಕೇಳಿದೆ.

ಹಾಂ, ಕಡೀ ತಿರುಪು. ತಗಿ, ತಗಿ.

ಏನು? ಯಾಕ ನಿಂತಿ?

ಇರಬಿ? ಇರಬಿ ಎಲ್ಲೆ ಇರೂದಿಲ್ಲೋ... ಅಯ್ಯ, ಸಾಲು ಹಚ್ಚಿ ಬರಾಕತ್ತಾವಲ್ಲ, ಸಾಲಿ ಹುಡುಗರಂಗ. ಉಡಚಪ್ಪನ ಮನಿ ಇರಬಿ ಇರಬೇಕು. ಅಕ್ಕಿಕಾಳು? ಅಂವ ಉಣ್ಣೂಮುಂದ ಉದುರಿರಬೇಕು... ಹಸೀ ಅಕ್ಕಿ ಯಾರು ಉಣ್ತಾರ ಅಂತಿ, ಅಲ್ಲ? ಕೆಂಪಂದು ಜಂಗು. ಜಂಗ ಅದು. ...ಬಟ್ಟಿಗೆ ಹಚ್ಚಿ ತೋರಸಬ್ಯಾಡೋ. ಕುಂಕುಮ ನನಗ ಗುರ್ತಾ ಸಿಗತೈತಿ.



ಮಕಬೂಲಾ? ಇಷ್ಟೊತ್ತನಕ ಹಲ್ಲು ಕಿಸೀತಿದ್ದೆಲ್ಲ, ಈಗ ನಗಪಾ. ಯಾಕ ನಗವಲ್ಲಿ? ನಗೋ, ನಿನ್ನ ಕಾಲ ಬೀಳ್ತೀನಿ.

...ನೀರು ಹಾಕಿಲ್ಲೋ. ನೀರು ಹಾಕಿದ್ರ ಕಬ್ಬಿಣಕ್ಕ ಜಂಗು ಹಿಡೀತೈತಿ, ಅಷ್ಟು ನನಗ ತಿಳಿಯೂದಿಲ್ಲೇನು? ಹಾಲು. ಹಾಲು, ಬೆಲ್ಲ, ಒಂದೀಟ ತುಪ್ಪ. ನನ್ನ ತವರು ಭೀಮಾ ಹೊಳೀ ದಂಡಿಗೆ, ಇಲ್ಲಿಂದ ಎಲ್ಲೈತೋ ಏನೋ, ಅಲ್ಲಿ ಮಂದಿ ಅಂತಾರ: ಹೊಸಾ ಕಬ್ಬಿಣಕ್ಕ ಹಸಿವು ಇರತೈತಿ, ಒಮ್ಮೆ ರಕ್ತದ ರುಚಿ ನೋಡಿತಂದ್ರ ಮತ್ತ ಕೇಳತೈತಿ, ಹಬ್ಬದ ದಿನ ಅದರ ಹೊಟ್ಟಿ ತುಂಬಸಬೇಕು ಅಂತ. ಮಗ ಕೋಳಿ ಬ್ಯಾಡ ಅಂದಾನ. ನೀ ಆ ಹೆಬ್ಬೆರಳು ನೋಡಿಲ್ಲ ಮಕಬೂಲಾ, ಉಗುರು ಇನ್ನೂ ಬಂದಿಲ್ಲ. ಹಬ್ಬದ ದಿನ ಮಗಾ ಸೊಸಿ ಇಬ್ಬರೂ ಮನ್ಯಾಗ ಇದ್ದಿದ್ದಿಲ್ಲ. ತೊಡಿ ಮ್ಯಾಲ ಹಾಕ್ಕೊಂಡು, ಆ ಬಾಜೂಕ ಸಂದಿ ಅದಾವಲ್ಲ, ಅದರಾಗ ಚಮಚಾದ್ಲೆ ಕುಡಿಸಿದೆ. ಗುಟುಗುಟು ಕುಡೀತೋ! ಹೊರಗ ಒಂದ ಹನಿ ಚೆಲ್ಲಲಿಲ್ಲ. ಎಷ್ಟ ಹಸದಿತ್ತಲ್ಲ ತಾಯಿ, ಅಂದೆ...

ಉಡಚಪ್ಪನ ಕೈ ಬರೇ ಜುಮ್ ಅಂತು. ಬರೇ ಜುಮ್... ಜೀವಾನ ಹೋಗಿದ್ರ? ಅವನ ಕೂಸಿಗೆ ಇನ್ನೂ ಹೆಸರೂ ಇಟ್ಟಿಲ್ಲೋ.

ಏ, ಏ! ಒರಸಬ್ಯಾಡ! ಅರಿವಿ ಕೆಳಗಿಡು. ರಿಪೇರಿ ನಾಳಿ ನೋಡೂನು. ಹಂಗ ಮುಚ್ಚು, ಅದ ಸೀರ್ಯಾಗ ಕಟ್ಟು. ಗರಗದ ಬಸ್ಸು ಬಿಡೂದ್ರಾಗ ನಾ ಧಾರವಾಡ ಮುಟ್ಟಬೇಕು. ಮೆಲ್ಲಕ ಕಟ್ಟೋ ಮಾರಾಯಾ, ಇರಬಿ ಒಂದೂ ಉದುರಬಾರದು! ಕೆಡಿಸಿದಾಕಿ ನಾನ ಅಂತ ಬರೇ ಬಾಯ್ಲೆ ಹೇಳಿದ್ರ ನನ್ನ ಮಗ "ಸೊಸೀನ್ನ ಉಳಸ್ಕೊಳ್ಳಾಕ ಮುದುಕಿ ಸುಳ್ಳು ಹೇಳಾಕತ್ತಾಳ" ಅಂತಾನ. ಇರಬಿ ಹೇಳಿದ್ರ ನಂಬತಾನ.