ಅತ್ತೆ ಮನೆಯ ನೀರಿಗೆ ಬಿಟ್ಟ ಬೆಳಕು

ಅದು 2006ರ ಬೇಸಿಗೆ. ಹೊಸದುರ್ಗದ ಕ್ಲಿನಿಕ್ಕೊಂದರಲ್ಲಿ ಹೇಮಾವತಿ ತನ್ನ ಸರದಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಬಾಗೂರಿನ ಕೆಂಚಕ್ಕ, ಅವರ ಆಚೆ ಹೊಟ್ಟೆ ಹಿಡಿದು ಬಗ್ಗಿ ಕೂತ ಅಳಿಯ ಓಬಳೇಶ್. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಮೊನ್ನೆ ಎಲ್ಲಾರ ಮುಂದೆ ನಮ್ಮನೆ ನೀರಿಗೆ ಲೈಟಿನ ಕಡ್ಡಿ ಅದ್ದಿದ್ರಲ್ಲ, ಏನದು?” ಕೆಂಚಕ್ಕ ಕೇಳಿದರು.

“ಕ್ರಿಮಿ ಕೊಲ್ಲೋ ಬೆಳಕು, ಅತ್ತೆ. ಬಾಟ್ಲಿಯೊಳಗೆ ಒಂಚೂರು ಹೊತ್ತು ಆಡಿಸಿದ್ರೆ ಸಾಕು.”

“ಮತ್ತೆ ಹಿಂಗ್ಯಾಕಾತು?”

“ನಿಮ್ಮ ನೀರಿಂದಲ್ಲ. ಬರ್ತಾ ಬಸ್‌ಸ್ಟ್ಯಾಂಡಲ್ಲಿ ಐಸ್ ಹಾಕಿದ ಕಬ್ಬಿನ ಹಾಲು ಕುಡಿದೆ. ಎರಡು ಲೋಟ.”

“ಅದಕ್ಕೆ ಲೈಟು ಬಿಡ್ಲಿಲ್ವಾ?”

“ಕಬ್ಬಿನ ಹಾಲೊಳಗೆ ಆ ಬೆಳಕು ತೂರಲ್ಲ. ಗೊತ್ತಿದ್ದೂ ಕುಡಿದೆ. ಲೈಟು ಜೇಬಲ್ಲಿತ್ತು, ಬುದ್ಧಿ ಮನೇಲಿತ್ತು.”

ಕೆಂಚಕ್ಕ ನಗಲಿಲ್ಲ. “ಕೆಂಚಕ್ಕನ ಮನೆ ನೀರಾಗೆ ಹುಳ ಅವೆ ಅಂತ ಓಣಿಯೋರು ಆಡ್ಕಂಡ್ರು. ನಾನು ಬಾಗಿಲಿಗೇ ಬರ್ಲಿಲ್ಲ.”



“ತಪ್ಪಾತು ಅತ್ತೆ. ನೀರು ಚೆನ್ನಾಗೈತೆ, ಕುಡಿದೋನೇ ಸರಿಯಿಲ್ಲ ಅಂತ ಓಣೀಲಿ ನಾನೇ ಹೇಳ್ತೀನಿ.”

“ಸುಮ್ನಿರ್ರಿ. ಅಳಿಯ ಕುಡಿದು ಆಸ್ಪತ್ರೆ ಸೇರಿದ ಅಂತ ಅದೊಂದು ಸುದ್ದಿಯಾಗ್ತೈತೆ.”

ನರ್ಸು ಓಬಳೇಶನ ಹೆಸರು ಕೂಗಿದಳು. ಅವನು ನಗಲು ಹೋಗಿ ನೋವಿಗೆ ಮುಖ ಕಿವುಚಿದ. ಈಗ ನಗು ಬಂದಿದ್ದು ಕೆಂಚಕ್ಕನಿಗೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಅಳಿಯನ ತೋಳು ಹಿಡಿದು, ಮೆಲ್ಲಗೆ ಒಳಗೆ ನಡೆಸಿಕೊಂಡು ಹೋದರು.