ಶಂಕರಮ್ಮ ತಂದುಕೊಂಡ ಗಾಜಿನ ಹೂವು

ಹಲೋ... ಹಲೋ, ಯಾರು ಮಾತಾಡೋದು?... ಶಂಕರಮ್ಮಕ್ಕನಾ? ಓಹೋ! ನಾನು ಪ್ರೇಮಕುಮಾರಿನೇ, ಹೇಳಿ. ಏನಕ್ಕಾ, ಬೆಳಿಗ್ಗೆ ಬೆಳಿಗ್ಗೆನೇ ಗೋಣಿಬೀಡಿನ ನೆನಪಾಯ್ತು?... ಮೊಬೈಲಿಗೆ ಎಲ್ಲಿ ಸಿಗ್ನಲ್ ಸಿಗುತ್ತೆ ಇಲ್ಲಿ, ಈ ಲ್ಯಾಂಡ್‌ಲೈನೇ ಗತಿ.

...

ಹಾಂ? ಮೀನಿನ ತೊಟ್ಟಿನಾ? ನಿಮ್ಮ ಮಗ ಶಶಿದಾ? ಆ ಉಪ್ಪುನೀರಿನ ತೊಟ್ಟಿಗೆ ಏನಾಯ್ತು?

...

ನಿಧಾನ, ನಿಧಾನ ಹೇಳಿ. ನೋಡೋಕೆ ಹೂವಿನ ಥರ. ಗಾಜಿನ ಹಂಗೆ ಮೈ, ಮೇಲೆ ಎಳೆ ಎಳೆ ಮೀಸೆ. ಮುಟ್ಟಿದ್ರೆ ಸರಕ್ಕಂತ ಕಲ್ಲಿನ ಸಂದಿಗೆ ಹೋಗುತ್ತೆ. ಅದೇ ಅಲ್ವಾ?... ಅಯ್ಯೋ, ಅದು ಹೂವಲ್ಲ ಅಕ್ಕಾ, ಪೀಡೆ! ಪಕ್ಕದಲ್ಲಿರೋ ಹವಳನೆಲ್ಲಾ ಚುಚ್ಚಿ ಚುಚ್ಚಿ ಸಾಯಿಸುತ್ತೆ.

...

ಏನ್ ಮಾಡಿದ್ರಿ? ಕತ್ತರೀಲಿ ಕತ್ತರಿಸಿದ್ರಾ! ಅದೇನು ನಿಮ್ಮನೆ ದಾಸವಾಳನಾ? ರಕ್ತಬೀಜಾಸುರನ ಸಂತಾನ ಅದು, ಒಂದು ಚೂರು ಬಿದ್ದಲ್ಲಿ ಹತ್ತು ಏಳುತ್ತೆ... ಬೋರ್ಡೋ ದ್ರಾವಣ ಹಾಕ್ಲಾ ಅಂತೀರಾ? ಬೇಡ, ಬೇಡ, ಬೇಡ! ಮೈಲುತುತ್ತ ಕಾಫಿ ಗಿಡಕ್ಕೆ ಸರಿ. ತೊಟ್ಟಿಗೆ ಹಾಕಿದ್ರೆ ಹವಳ ಎಲ್ಲಾ ಒಟ್ಟಿಗೆ ಕೈಲಾಸ ಸೇರ್ತಾವೆ.

...

ಅದಿರ್ಲಿ, ನಿಮ್ಮನೆಗೆ ಹೆಂಗೆ ಬಂತು ಅದು?... ಡ್ರೈವರ್ ನಾಗೇಶನಾ? ಮಂಗಳೂರಿಂದ ತರೋ ಸಮುದ್ರದ ನೀರಿನ ಕ್ಯಾನಲ್ಲಿ? ಯಾರು ಹೇಳಿದ್ದು?... ಶಶಿ ಅವನನ್ನ ಕೆಲಸದಿಂದ ತೆಗೆದೇಬಿಟ್ನಾ! ಅಕ್ಕಾ, ಶಶಿ ಚಡ್ಡಿ ಹಾಕೋ ಕಾಲದಿಂದ ನಿಮ್ಮನೆ ಜೀಪು ಓಡಿಸಿದವನು ಅವನು. ಈಗೆಲ್ಲಿದ್ದಾನೆ?... ತೋಟದ ಆಳುಗಳ ಲೈನ್ ಮನೇಲಿ ಪಾತ್ರೆ ಪಡಗ ಕಟ್ತಿದ್ದಾನಾ? ಹೆಂಡ್ತಿ ಮಕ್ಕಳ ಸಮೇತ?... ನೀವೇನೂ ಅನ್ಲಿಲ್ವಾ?

...

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗೌರಿ ಹಬ್ಬಕ್ಕೆ ನಮ್ಮನೆಗೆ ಊಟಕ್ಕೆ ಬಂದಿದ್ರಲ್ಲ. ಎಲ್ರೂ ಹೋಳಿಗೆ ತಿಂತಿದ್ರೆ ನೀವೊಬ್ರೇ ನಮ್ಮ ಮೀನಿನ ತೊಟ್ಟಿ ಮುಂದೆ ನಿಂತಿದ್ರಿ, ಅಲ್ವಾ?... ಸುಮ್ನೆ ನೋಡ್ತಿದ್ರಿ. ಸರಿ. ನಮ್ಮ ತೊಟ್ಟೀಲೂ ಈ ಪೀಡೆ ಒಂದಿತ್ತು, ಸಣ್ಣ ಕಲ್ಲಿನ ಮೇಲೆ. ನೀವು ಹೋದ್ಮೇಲೆ ನೋಡಿದ್ರೆ ಪೀಡೆನೂ ಇಲ್ಲ, ಕಲ್ಲೂ ಇಲ್ಲ, ಅಡುಗೆಮನೇಲಿದ್ದ ಹಾರ್ಲಿಕ್ಸ್ ಬಾಟ್ಲಿನೂ ಇಲ್ಲ. ತಾನಾಗೇ ತೊಲಗ್ತು ಅಂತ ಹೊರನಾಡಮ್ಮನಿಗೆ ಕೈ ಮುಗಿದಿದ್ದೆ ನಾನು!

...

ಹಲೋ? ಇದ್ದೀರಾ?... ಅಳ್ಬೇಡಿ ಅಕ್ಕಾ. ಕಳ್ಳತನ ಅಂತ ನಾನೆಲ್ಲಿ ಅಂದೆ? ಕದ್ದ ಕಡ್ಡಿನೇ ಚೆನ್ನಾಗಿ ಚಿಗುರೋದು ಅಂತ ನಮ್ಮತ್ತೆನೂ ಊರೋರ ಡೇಲಿಯಾ ಗಡ್ಡೆನೆಲ್ಲ ಸೆರಗಲ್ಲಿ ಕಟ್ಕೊಂಡು ಬಂದೋರೇ. ನನ್ನ ಆಂಥೂರಿಯಂ ಎರಡು ನಿಮ್ಮಂಗಳದಲ್ಲಿ ನೋಡಿನೂ ಸುಮ್ನಿದ್ದೀನಿ. ಗಿಡ ಹೋದ್ರೆ ಹೋಯ್ತು. ನಾಗೇಶನ ಅನ್ನ ಹೋಗ್ತಿದೆಯಲ್ಲ, ಅದು ನಂಗೆ ಸಂಕಟ.

...

ಮಗನ ಮುಂದೆ ಮಾನ ಹೋಗುತ್ತಾ? ಹೋಗ್ಲಿ ಬಿಡಿ ಮಾರಾಯ್ರೇ, ನಾಲ್ಕು ದಿನ ಬಿಟ್ರೆ ಅದೂ ಚಿಗುರುತ್ತೆ.

...

ಕೇಳಿ. ಆ ಪೀಡೆನ ತಿನ್ನೋ ಸೀಗಡಿ ನಮ್ಮತ್ರ ಇದಾವೆ. ನೀವು ಕಿತ್ಕೊಂಡು ಹೋಗೋವಾಗ ಒಂದು ಚೂರು ಉಳಿದು ಮತ್ತೆ ಎದ್ದಿತ್ತು, ಅದಕ್ಕೇ ತರಿಸಿದ್ದು... ಕೊಡ್ತೀನಿ, ಕೊಡ್ತೀನಿ. ಸಾರು ಮಾಡೋಕಲ್ಲ ಮತ್ತೆ! ಆದ್ರೆ ತಗೊಂಡು ಹೋಗೋಕೆ ನಾಗೇಶನೇ ಜೀಪಲ್ಲಿ ಬರ್ಬೇಕು... ಇಲ್ಲ, ಶಶಿ ಬಂದ್ರೂ ಕೊಡಲ್ಲ.

...

ಸಾಯಂಕಾಲ ಅಲ್ಲ, ಈಗ. ಶಶಿ ಎಲ್ಲಿದ್ದಾನೆ?... ಜಗಲೀಲೇ ಇದ್ದಾನಲ್ಲ, ಮತ್ತೇನು? ಫೋನು ಪಕ್ಕಕ್ಕಿಟ್ಟು ಹೋಗಿ ಹೇಳಿ. ನಾನು ಲೈನಲ್ಲೇ ಇರ್ತೀನಿ.

...

ಹಾಂ, ಶಶೀನ ಕರೆದ್ರು... ರೀ, ಆ ಟಿವಿ ಸಣ್ಣ ಮಾಡ್ರೀ, ಏನೂ ಕೇಳಿಸ್ತಿಲ್ಲ!... 'ನಾಗೇಶ ತಂದಿದ್ದಲ್ಲ ಕಣೋ' ಅಂದ್ರು. ಭೇಷ್ ಅಕ್ಕಾ. ಹೇಳಿ, ಇನ್ನೊಂದೇ ಮಾತು...

...

ಏನು? ಏನಂದ್ರಿ? 'ಪ್ರೇಮಕುಮಾರಿ ಬೇಡ ಅಂದ್ರೂ ಬಿಡದೆ ಕೊಟ್ಟು ಕಳಿಸಿದ್ಲು' ಅಂದ್ರಾ! ಶಂಕರಮ್ಮಕ್ಕಾ! ಅಕ್ಕಾ, ಫೋನ್ ತಗೊಳ್ರೀ!...

...

ಶಶಿ ಏನಂತಿದ್ದಾನೆ?... 'ನಾಗೇಶಣ್ಣ ಹೊರಟೋದ್ನಾ ನೋಡಿ' ಅಂತಿದ್ದಾನೆ... ಬಸ್ ಹಾರ್ನ್ ಅಲ್ವಾ ಅದು?... ಆಯ್ತು, ನಾನೇ ಕೊಟ್ಟೆ! ಕೊಟ್ಟೆ ಅಂತಾನೇ ಇಟ್ಕೊಳ್ಳಿ! ಅವನು ಬಸ್ ಹತ್ತೋ ಮೊದ್ಲು ಯಾರಾದ್ರೂ ಓಡ್ರೋ... ಹಲೋ? ಅಕ್ಕಾ, ಸಿಕ್ಕಿದ್ನಾ? ಹಲೋ... ಹಲೋ?